ರಿಟರ್ನ್ ಪಂಪು ದೊಡ್ಡದು ಹಾಕಿದ್ರೆ ಟ್ಯಾಂಕಲ್ಲಿ ನೀರು ಓಡಾಡತ್ತಾ?

ಪ್ರಶ್ನೆ: ಸರ್, ನಾವಿರೋದು ಸುರತ್ಕಲ್. ಒಂದು ವರ್ಷದಿಂದ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೀನಿ, ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ, ಕೆಳಗಡೆ ಸಂಪ್ (ಫಿಲ್ಟರ್ ಇಡೋ ಇನ್ನೊಂದು ತೊಟ್ಟಿ) ಇದೆ. ರಿಟರ್ನ್ ಪಂಪಿನ ಬಾಕ್ಸ್ ಮೇಲೆ ಗಂಟೆಗೆ 3000 ಲೀಟರ್ ಅಂತ ಬರೆದಿದೆ, 60 ವ್ಯಾಟ್. ಅದು ಬಿಟ್ರೆ ಎಡಗಡೆ ಮೂಲೇಲಿ ಟ್ಯಾಂಕ್ ಒಳಗೇ ನೀರು ತಳ್ಳೋ 1200 ಲೀಟರಿನ ಸಣ್ಣ ಮೂತಿ ಪವರ್‌ಹೆಡ್ ಒಂದಿದೆ. ಒಂದು ಜೋಡಿ ಕ್ಲೌನ್ ಮೀನು, ಎರಡು ಡ್ಯಾಮ್ಸೆಲ್ ಮೀನು, ಸಾಫ್ಟ್ ಕೋರಲಲ್ಲಿ (ಮೆತ್ತಗಿನ ಹವಳ) ಒಂದು ಟೋಡ್‌ಸ್ಟೂಲ್ ಲೆದರ್, ಸ್ವಲ್ಪ ಜೋವಾಂಥಿಡ್ಸ್, ಮಶ್ರೂಮ್ ಇವೆ. ಬಲಗಡೆ ಹಿಂದಿನ ಮೂಲೇಲಿ ಮರಳ ಮೇಲೆ ಕೆಂಪು ಲೋಳೆ ಕಟ್ಟತ್ತೆ, ತೆಗೆದ್ರೆ ಮೂರೇ ದಿನಕ್ಕೆ ಮತ್ತೆ ಬರತ್ತೆ. ನೀರಿನ ಮೇಲೆ ಎಣ್ಣೆ ಪಸೆ ತರ ಇರತ್ತೆ. ಲೆದರ್ ಒಂದೇ ಸೈಡ್ ಅರಳತ್ತೆ. ಬೆಳಗ್ಗೆ ಲೈಟ್ ಹಾಕೋ ಮುಂಚೆ ನೋಡಿದ್ರೆ ಮೀನುಗಳು ಮೇಲೆ ಬಂದು ಬಾಯಿ ಆಡಿಸ್ತಿರ್ತವೆ. ಅಂಗಡಿಯವ್ರು 8000 ಲೀಟರಿನ ರಿಟರ್ನ್ ಪಂಪ್ ಹಾಕಿ, ಎಲ್ಲ ಸರಿಹೋಗತ್ತೆ ಅಂತಿದ್ದಾರೆ. ಹಾಕ್ಲಾ? ಕರೆಂಟ್ ಹೋದ್ರೆ ಏನ್ ಮಾಡೋದು ಅದನ್ನೂ ಹೇಳಿ.

ಉತ್ತರ:

ಬೇಡ, ಆ ಪಂಪ್ ತಗೋಬೇಡಿ. ನೀವು ಹೇಳಿರೋ ನಾಲ್ಕು ತೊಂದ್ರೆಗೂ ನೀರಿನ ಓಡಾಟಕ್ಕೂ ಸಂಬಂಧ ಇದೆ ನಿಜ, ಆದ್ರೆ ರಿಟರ್ನ್ ಪಂಪಿನ ಕೆಲಸ ಟ್ಯಾಂಕ್ ಒಳಗೆ ನೀರು ಓಡಾಡಿಸೋದಲ್ಲ. ಅದರ ಕೆಲಸ ಸಂಪಿನಲ್ಲಿರೋ ನೀರನ್ನ ಮೇಲಕ್ಕೆ ಎತ್ತೋದು, ಅಷ್ಟೇ. ಮೇಲಿನ ನೀರು ಓವರ್‌ಫ್ಲೋ ಹಲ್ಲಿನ (ಮೇಲಂಚಲ್ಲಿ ಬಾಚಣಿಗೆ ತರ ಇರೋ ಸಂದಿಗಳು) ಮೂಲಕ ಕೆಳಗಿಳಿದು, ಕೊಳೆಯನ್ನ ನೊರೆ ಮಾಡಿ ತೆಗೆಯೋ ಸ್ಕಿಮ್ಮರ್ ದಾಟಿ, ಮತ್ತೆ ಮೇಲೆ ಬಂದ್ರೆ ಅದರ ಪಾಲಿನ ಕೆಲಸ ಮುಗೀತು. ಸಮುದ್ರದ ತರ ನೀರು ಆ ಕಡೆ ಈ ಕಡೆ ತೂಗಾಡಬೇಕು ಅಂದ್ರೆ ಅದಕ್ಕೆ ಬೇರೆ ಜಾತಿ ಪಂಪು ಬೇಕು. ಬಾವಿ ಮೋಟರಿಗೂ ಸೀಲಿಂಗ್ ಫ್ಯಾನಿಗೂ ಇರೋ ವ್ಯತ್ಯಾಸ ಅಂದ್ಕೊಳ್ಳಿ, ಒಂದು ಒತ್ತಡ ಕೊಟ್ಟು ಎತ್ತತ್ತೆ, ಇನ್ನೊಂದು ಒತ್ತಡವೇ ಇಲ್ದೆ ರಾಶಿ ಗಾಳಿ ತಳ್ಳತ್ತೆ. ರೂಮಲ್ಲಿ ಸೆಕೆ ಅಂತ ಯಾರೂ ದೊಡ್ಡ ಬಾವಿ ಮೋಟರ್ ತರಲ್ಲ ಅಲ್ವಾ.

ಮೊದಲು ಒಂದು ಬಕೆಟ್ ತಗೊಳ್ಳಿ, 10 ಲೀಟರ್ ಗುರುತು ಇರೋದು. ಸಂಪಿನಲ್ಲಿ ನೀರು ಸಾಕಷ್ಟಿದ್ಯಾ ನೋಡ್ಕೊಂಡು, ರಿಟರ್ನ್ ಪೈಪ್ ಟ್ಯಾಂಕಿಗೆ ಬೀಳೋ ಎತ್ತರದಲ್ಲೇ ಬಕೆಟ್ ಹಿಡಿದು ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕಿ. ಬಕೆಟ್ ಕೆಳಗಿಳಿಸಿ ಹಿಡೀಬೇಡಿ, ಎತ್ತರ ಕಮ್ಮಿ ಆದ್ರೆ ಲೆಕ್ಕ ಸುಳ್ಳಾಗತ್ತೆ. 10 ಲೀಟರ್ ತುಂಬೋಕೆ 24 ಸೆಕೆಂಡ್ ಹಿಡಿದ್ರೆ ನಿಮಗೆ ಗಂಟೆಗೆ 1500 ಲೀಟರ್ ಬರ್ತಿದೆ ಅಂತ ಅರ್ಥ. ನನ್ನ ಅಂದಾಜು ನಿಮ್ದು ಅಲ್ಲೇ ಹತ್ರಹತ್ರ ಇರತ್ತೆ. ಮಿಕ್ಕ 1500 ಎಲ್ಲಿ ಹೋಯ್ತು ಅಂದ್ರೆ, ಬಾಕ್ಸ್ ಮೇಲಿನ 3000 ಅನ್ನೋದು ಪಂಪನ್ನ ನೀರಲ್ಲಿಟ್ಟು ಒಂಚೂರೂ ಮೇಲೆತ್ತದೆ ಅಳೆದಿರೋ ಸಂಖ್ಯೆ. ಅದರ ಪಕ್ಕದಲ್ಲೇ ಹೆಡ್ ಮ್ಯಾಕ್ಸ್ ಅಂತ ಮೀಟರಲ್ಲಿ ಇನ್ನೊಂದು ಸಂಖ್ಯೆ ಇರತ್ತೆ ನೋಡಿ, ಅಷ್ಟು ಎತ್ತರಕ್ಕೆ ಹೋದ್ರೆ ನೀರು ಸೊನ್ನೆ, ಪೈಪಲ್ಲಿ ಸುಮ್ನೆ ನಿಂತಿರತ್ತೆ. ಇವೆರಡರ ಮಧ್ಯ ಎಲ್ಲೋ ನಿಮ್ಮ ಟ್ಯಾಂಕ್ ಇರೋದು. ಸ್ಟ್ಯಾಂಡ್ ಸೇರಿ ಒಂದೂವರೆ ಮೀಟರ್ ಎತ್ತರ, ಅದರ ಮೇಲೆ ಪೈಪಿನ ಉಜ್ಜಾಟ, ಒಂದೊಂದು ಎಲ್ಬೋನೂ ಸ್ವಲ್ಪ ತಿನ್ನತ್ತೆ. ಪೈಪ್ ಸಣ್ಣ ಆದಷ್ಟೂ ಈ ಉಜ್ಜಾಟ ಸಿಕ್ಕಾಪಟ್ಟೆ ಏರತ್ತೆ, ಅಷ್ಟೇ ನೀರನ್ನ ಅರ್ಧ ಅಗಲದ ಪೈಪಲ್ಲಿ ಕಳಿಸೋಕೆ ಹೋದ್ರೆ ಎರಡು ಪಟ್ಟು ಅಲ್ಲ, ಮೂವತ್ತು ಪಟ್ಟಿನ ಆಸುಪಾಸು ಒತ್ತಡ ಕಳ್ಕೊಳ್ತೀವಿ. ಅರ್ಧ ಇಂಚಿನ ಪೈಪಿಗೆ 8000 ಲೀಟರಿನ ಪಂಪ್ ಹಾಕೋದು ಅಂದ್ರೆ ದುಡ್ಡು ಸುರಿದು ಬಿಸಿನೀರು ಮಾಡ್ಕೊಂಡ ಹಾಗೆ. ಮುಕ್ಕಾಲು ಅಥವಾ ಒಂದಿಂಚಿನ ಪೈಪ್ ಹಾಕಿ, 90 ಡಿಗ್ರಿ ಎಲ್ಬೋ ಬದಲು ಬಗ್ಗೋ ಹೋಸ್ ಹಾಕಿ, ಇದೇ ಪಂಪಲ್ಲಿ ನೀರು ಜಾಸ್ತಿ ಬರತ್ತೆ.

ಬರದೇ ಇದ್ರೂ ನಡಿಯತ್ತೆ, ಅದೂ ಹೇಳ್ತೀನಿ. ನಿಮ್ಮ ಟ್ಯಾಂಕ್ ಅಳತೆ ಪ್ರಕಾರ 324 ಲೀಟರ್, ಕಲ್ಲು ಮರಳು ತೆಗೆದ್ರೆ 280 ಅಂದ್ಕೊಳ್ಳೋಣ. ಗಂಟೆಗೆ 1500 ಅಂದ್ರೆ ಐದು ಸಲ ಪೂರ್ತಿ ನೀರು ಸಂಪಿಗೆ ಹೋಗಿ ಬಂತು. ಸ್ಕಿಮ್ಮರಿಗೆ ಅಷ್ಟು ಸಾಕು, ಅದು ಗಂಟೆಗೆ ಎಷ್ಟು ನೀರು ಎಳ್ಕೊಳ್ಳತ್ತೋ ಅದಕ್ಕಿಂತ ಜಾಸ್ತಿ ಸಂಪಲ್ಲಿ ಹರಿದ್ರೆ ಮಿಕ್ಕಿದ್ದು ಪಕ್ಕದಲ್ಲೇ ದಾಟ್ಕೊಂಡು ಹೋಗತ್ತೆ. ರಿಟರ್ನ್ ಜಾಸ್ತಿ ಆದಷ್ಟೂ ಕೆಳಗಿಳಿಯೋ ಪೈಪಲ್ಲಿ ಗೊಳಗೊಳ ಸದ್ದು, ಸಂಪಲ್ಲಿ ಸಣ್ಣ ಗುಳ್ಳೆ, ಆ ಗುಳ್ಳೆ ಮೇಲೆ ಬಂದು ಟ್ಯಾಂಕೆಲ್ಲ ಸೋಡಾ ತರ ಕಾಣತ್ತೆ. ಇನ್ನೂ ಮುಖ್ಯ, ಓವರ್‌ಫ್ಲೋ ಎಷ್ಟು ನೀರು ಇಳಿಸಬಲ್ಲದೋ ಅದಕ್ಕಿಂತ ಜಾಸ್ತಿ ಎತ್ತಿದ್ರೆ ಮಿಕ್ಕಿದ್ದು ಮನೆ ನೆಲಕ್ಕೇ ಬರೋದು.

ಈಗ ನಿಜವಾದ ವಿಷಯ. ಒಳಗಿನ ಓಡಾಟ ಯಾಕೆ ಬೇಕು ಅಂತ ಅರ್ಥ ಆದ್ರೆ ಪಂಪು ಎಲ್ಲಿಡಬೇಕು ಅನ್ನೋದು ತಾನಾಗೇ ಹೊಳೆಯತ್ತೆ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ. ಸಾಫ್ಟ್ ಕೋರಲ್ ಆಗ್ಲಿ ಗಟ್ಟಿ ಹವಳ ಆಗ್ಲಿ, ಅದಕ್ಕೆ ಕಿವಿರಿಲ್ಲ, ಉಸಿರಾಟಕ್ಕೆ ಅಂತ ಬೇರೆ ಅಂಗ ಇಲ್ಲ. ಆಮ್ಲಜನಕ ಒಳಗೆ ಹೋಗೋದು, ಕೊಳೆ ಹೊರಗೆ ಬರೋದು ಎಲ್ಲ ಮೈ ಚರ್ಮದಿಂದಲೇ. ಅದರ ಮೈಗೆ ಅಂಟಿಕೊಂಡ ಹಾಗೆ ನಿಂತ ನೀರಿನ ಒಂದು ತೆಳು ಪದರ ಇರತ್ತೆ, ಎಲ್ಲವೂ ಆ ಪದರ ದಾಟೇ ಹೋಗಬೇಕು. ಮಳೆಗಾಲದಲ್ಲಿ ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತೀವಲ್ಲ, ಫ್ಯಾನ್ ಇಲ್ದಿದ್ರೆ ಎರಡು ದಿನ ಆದ್ರೂ ಒದ್ದೆ, ಫ್ಯಾನ್ ಹಾಕಿದ್ರೆ ಬೆಳಗ್ಗೆ ಹೊತ್ತಿಗೆ ಒಣಗಿರತ್ತೆ, ಅದೇ ಕತೆ. ನೀರು ಬೀಸಿದಷ್ಟೂ ಪದರ ತೆಳು ಆಗತ್ತೆ. ಲೈಟ್ ಜೋರಾಗಿದ್ದಾಗ ಇದು ಇನ್ನೂ ಬೇಕು, ಯಾಕಂದ್ರೆ ಕೋರಲ್ ಮೈಯೊಳಗಿರೋ ಪಾಚಿ ಹಗಲಲ್ಲಿ ಆಮ್ಲಜನಕ ಮಾಡಿ ಮಾಡಿ ತುಂಬತ್ತೆ, ಅದು ಹೊರಗೆ ಹೋಗದೆ ಒಳಗೇ ಉಳಿದ್ರೆ ಕೋರಲಿಗೇ ವಿಷ. ನೀರಿನ ಹರಿವು ಚೆನ್ನಾಗಿರೋ ಕಡೆ ಹವಳ ಬಿಳಿಚಿಕೊಳ್ಳೋದು ಕಮ್ಮಿ ಅಂತ ಸಮುದ್ರದಲ್ಲೂ ಲ್ಯಾಬಲ್ಲೂ ನೋಡಿದ್ದಾರೆ.

ಒಂದ್ಸಲ ನೇತ್ರಾಣಿ ಕಡೆ ಡೈವ್ ಮಾಡೋರಿದ್ರೆ ಕೇಳಿ ನೋಡಿ, ಮುರ್ಡೇಶ್ವರದಿಂದ ಬೋಟಲ್ಲಿ ಕರ್ಕೊಂಡು ಹೋಗ್ತಾರೆ. ನೀರಿನೊಳಗೆ ಬಂಡೆ ಹತ್ರ ನಿಂತ್ರೆ ಯಾವ್ದೂ ಒಂದೇ ಕಡೆ ಬಾಗಿರಲ್ಲ. ಮೀನಿನ ಹಿಂಡು ಒಂದು ಮಾರು ಮುಂದೆ ಹೋಗತ್ತೆ, ಮತ್ತೆ ಒಂದು ಮಾರು ಹಿಂದೆ ಬರತ್ತೆ, ಮೀನು ಈಜ್ತಿರಲ್ಲ, ನೀರೇ ಅದನ್ನ ತೂಗ್ತಿರತ್ತೆ. ನಮ್ಮ ಟ್ಯಾಂಕಿಗೆ ಬೇಕಾಗಿರೋದು ಅದು. ಲೀಟರ್ ಎಷ್ಟು ಅನ್ನೋದಕ್ಕಿಂತ ದಿಕ್ಕು ಬದಲಾಗ್ತಿದ್ಯಾ, ಮೂಲೆಮೂಲೆಗೂ ತಲುಪ್ತಿದ್ಯಾ ಅನ್ನೋದೇ ಮುಖ್ಯ. ಸಣ್ಣ ಮೂತಿ ಪವರ್‌ಹೆಡ್ ಕೊಡೋದು ಪಿಚಕಾರಿ ತರ ಒಂದು ಗೆರೆ, ಆ ಗೆರೆ ಮುಂದೆ ಕೋರಲ್ ಇಟ್ರೆ ದಿನವಿಡೀ ಒಂದೇ ಜಾಗಕ್ಕೆ ಹೊಡೆದು ಚರ್ಮ ಕಿತ್ತು ಬರತ್ತೆ, ಗೆರೆಯಿಂದ ಅರ್ಧ ಅಡಿ ಪಕ್ಕ ನೀರು ಅಲ್ಲಾಡೋದೇ ಇಲ್ಲ. ನಿಮ್ಮ ಬಲಗಡೆ ಹಿಂದಿನ ಮೂಲೆ ಅಂತ ಜಾಗ, ಕಲ್ಲು ಅಡ್ಡ ಇದೆ, ಹರಿವು ಬರಲ್ಲ, ಮೀನಿನ ಹಿಕ್ಕೆ ಮಿಕ್ಕ ಊಟ ಎಲ್ಲ ಅಲ್ಲೇ ಕೂತು ಕೊಳೆಯತ್ತೆ, ಸಯನೋಬ್ಯಾಕ್ಟೀರಿಯಾಗೆ ಹಬ್ಬ. ಪಾಚಿ ಅಂತ ಕರೀತೀವಿ, ಆದ್ರೆ ಆ ಕೆಂಪು ಲೋಳೆ ನಿಜಕ್ಕೂ ಬ್ಯಾಕ್ಟೀರಿಯಾ.

ಹಾಗಾಗಿ ಆ 8000 ಲೀಟರಿನ ಪಂಪಿನ ದುಡ್ಡಲ್ಲಿ ನೀರು ತೂಗಾಡಿಸೋ, ಪ್ರೊಪೆಲ್ಲರ್ ಇರೋ ವೇವ್‌ಮೇಕರ್ ಎರಡು ತಗೊಳ್ಳಿ, ಒಂದೊಂದು ಗಂಟೆಗೆ 4000 ಲೀಟರ್ ಆಸುಪಾಸಿದ್ರೆ ಸಾಕು, ಸ್ಪೀಡ್ ಕಮ್ಮಿ ಜಾಸ್ತಿ ಮಾಡೋ ಕಂಟ್ರೋಲರ್ ಇರೋದೇ ಬೇಕು. ಸಾಫ್ಟ್ ಕೋರಲಿಗೆ ಟ್ಯಾಂಕಿನ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ಗಂಟೆಗೆ ಓಡಾಡಿದ್ರೆ ಚೆನ್ನ ಅಂತ ನಾವು ಹವ್ಯಾಸಿಗಳು ಲೆಕ್ಕ ಇಟ್ಕೊಂಡಿದೀವಿ, ಅಂದ್ರೆ ನಿಮಗೆ 2800ರಿಂದ 5600 ಲೀಟರ್. ಈಗ ನಿಮ್ದು ಎರಡೂ ಸೇರಿ 2700. ಅಕ್ರೊಪೋರಾ ತರದ ಕಡ್ಡಿ ಹವಳ ಇಡೋರು ನಲವತ್ತು ಪಟ್ಟಿನ ಮೇಲೂ ಹೋಗ್ತಾರೆ, ನಿಮಗೆ ಅದು ಬೇಡ. (ಮಾತು ಬಂತು ಅಂತ ಹೇಳ್ತೀನಿ, ನಮ್ಮ ಸಮುದ್ರದ ಕಲ್ಲು ಹವಳಗಳನ್ನ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿಗೆ ಸೇರಿಸಿದ್ದಾರೆ. ಯಾರಾದ್ರೂ ಇಲ್ಲೇ ತೆಗೆದಿದ್ದು, ಕಮ್ಮಿಗೆ ಕೊಡ್ತೀನಿ ಅಂದ್ರೆ ದಯವಿಟ್ಟು ಮುಟ್ಟಬೇಡಿ. ಕಾನೂನಿನ ಭಯಕ್ಕಿಂತ, ಅದು ಅಲ್ಲೇ ಇರಬೇಕಾದ್ದು.)

ಒಂದನ್ನ ಎಡಗಡೆ ಗಾಜಿಗೆ, ಇನ್ನೊಂದನ್ನ ಬಲಗಡೆ ಗಾಜಿಗೆ ಹಾಕಿ, ನೀರಿನ ಮಟ್ಟದಿಂದ ಅರ್ಧ ಅಡಿ ಕೆಳಗೆ. ನೇರ ಎದುರುಬದುರು ಬೇಡ, ಒಂದು ಮುಂದಿನ ಗಾಜಿನ ಕಡೆ ಸ್ವಲ್ಪ ತಿರುಗಿರ್ಲಿ, ಇನ್ನೊಂದು ಕಲ್ಲಿನ ಹಿಂದಗಡೆ ಸಂದಿಗೆ. ಎಡದ್ದು 70 ಪರ್ಸೆಂಟ್ ಸ್ಪೀಡಲ್ಲಿ ಓಡುವಾಗ ಬಲದ್ದು 30ರಲ್ಲಿ, ಆರು ಗಂಟೆ ಆದ್ಮೇಲೆ ಅದಲುಬದಲು. ನಿಮ್ಮ ಮನೆ ಹತ್ರದ ಸಮುದ್ರದಲ್ಲೂ ಉಬ್ಬರ ಇಳಿತ ಹೆಚ್ಚುಕಮ್ಮಿ ಆರಾರು ಗಂಟೆಗೇ ತಾನೇ ತಿರುಗೋದು. ಕಂಟ್ರೋಲರಲ್ಲಿ ವೇವ್ ಮೋಡ್ ಅಂತ ಇರತ್ತೆ, ನಾಲ್ಕಡಿ ಟ್ಯಾಂಕಲ್ಲಿ ಸೆಕೆಂಡಿಗೊಂದು ಸಲದ ಹತ್ರ ತಾಳ ಕೂಡಿಸಿದ್ರೆ ಇಡೀ ನೀರೇ ತೊಟ್ಟಿಲ ತರ ತೂಗೋಕೆ ಶುರು ಆಗತ್ತೆ, ನೋಡೋಕೆ ತುಂಬಾ ಚೆಂದ, ಆದ್ರೆ 300 ಕೆಜಿ ನೀರು ಗಾಜಿನ ಸಿಲಿಕಾನ್ ಜಾಯಿಂಟನ್ನ ದಿನಕ್ಕೆ ಸಾವಿರಾರು ಸಲ ಗುದ್ದತ್ತೆ, ಸ್ಟ್ಯಾಂಡೂ ಅಲ್ಲಾಡತ್ತೆ. ನಾನಂತೂ ಅದನ್ನ ಹಾಕಲ್ಲ. ಸುಮ್ನೆ ರ‍್ಯಾಂಡಮ್ ಮೋಡಲ್ಲಿ ಬಿಡಿ.

ಇಟ್ಟಿದ್ದು ಸರಿ ಇದ್ಯಾ ಅಂತ ನೋಡೋಕೆ ಮೀಟರ್ ಬೇಡ. ಸ್ವಲ್ಪ ಫ್ರೋಜನ್ ಮೈಸಿಸ್ (ಮೀನಿಗೆ ಹಾಕೋ ಪುಟ್ಟ ಸೀಗಡಿ ತರದ್ದು) ಕರಗಿಸಿ ಬಿಡಿ, ಒಂದೊಂದು ಚೂರನ್ನೂ ಕಣ್ಣಲ್ಲಿ ಹಿಂಬಾಲಿಸಿ. ಎಲ್ಲಿ ಹೋಗಿ ಕೂತ್ಕೊಳ್ಳತ್ತೋ ಅದೇ ಸತ್ತ ಮೂಲೆ. ಚೂರುಗಳು ಕೂರದೆ ಸುತ್ತಾಡಿ ಓವರ್‌ಫ್ಲೋ ಸೇರಬೇಕು. ಮರಳು ಎದ್ದು ಗುಡ್ಡೆ ಆಗ್ತಿದ್ರೆ ಪಂಪನ್ನ ಎರಡು ಬೆರಳಷ್ಟು ಮೇಲೆತ್ತಿ. ಮೊದಲ ವಾರ ಅರ್ಧ ಸ್ಪೀಡಲ್ಲೇ ಇಟ್ಟು ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ಏಕಾಏಕಿ ಏರಿಸಿದ್ರೆ ಮಶ್ರೂಮ್‌ಗಳು ಕಲ್ಲು ಬಿಟ್ಟು ತೇಲ್ಕೊಂಡು ಹೋಗ್ತವೆ. ಅವಕ್ಕೆ ಕೆಳಗಡೆ ನೆರಳಿನ ಜಾಗವೇ ಇಷ್ಟ. ಮುಂದೆ ಎಂದಾದ್ರೂ ಕ್ಲೌನಿಗೆ ಅಂತ ಅನೆಮನಿ (ಹೂವಿನ ತರ ಕಾಣೋ ಕಡಲ ಜೀವಿ) ತಂದ್ರೆ ಪಂಪಿನ ಬಾಯಿಗೆಲ್ಲ ಸ್ಪಂಜ್ ಕವರ್ ಹಾಕಲೇಬೇಕು, ಅದು ರಾತ್ರಿ ನಡ್ಕೊಂಡು ಹೋಗಿ ಪ್ರೊಪೆಲ್ಲರಿಗೆ ಸಿಕ್ರೆ ಬೆಳಗ್ಗೆ ಹೊತ್ತಿಗೆ ಇಡೀ ಟ್ಯಾಂಕ್ ಹಾಳು.

ಬೆಳಗ್ಗೆ ಮೀನು ಬಾಯಿ ಆಡಿಸೋದನ್ನ ಹಗುರ ತಗೋಬೇಡಿ. 26 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಕೊಂಡ್ರೆ ಸಮುದ್ರದ ನೀರು ಆರೂಮುಕ್ಕಾಲರ ಒಳಗೇ, ಬಿಸಿ ಏರಿದ ಹಾಗೆ ಅದೂ ಇಳಿಯತ್ತೆ. ರಾತ್ರಿ ಲೈಟ್ ಆಫ್ ಆದ್ಮೇಲೆ ಪಾಚಿ ಕೋರಲ್ ಬ್ಯಾಕ್ಟೀರಿಯಾ ಎಲ್ಲ ಸೇರಿ ಉಸಿರಾಡ್ತವೆ, ಬೆಳಗಿನ ಜಾವಕ್ಕೆ ತಳ ಕಾಣತ್ತೆ. ಹೊರಗಿನ ಗಾಳಿ ಒಳಗೆ ಬರೋದು ನೀರಿನ ಮೇಲ್ಮೈಯಿಂದ, ನಿಮ್ದು ಅದರ ಮೇಲೆ ಎಣ್ಣೆ ಪಸೆಯ ಮುಚ್ಚಳ. ಓವರ್‌ಫ್ಲೋ ಇರೋ ಟ್ಯಾಂಕಲ್ಲಿ ಪಸೆ ನಿಲ್ಲಲೇಬಾರದು, ನಿಂತಿದೆ ಅಂದ್ರೆ ಹಲ್ಲುಗಳ ಮಧ್ಯ ಪಾಚಿ ಕಟ್ಟಿದೆ ಅಥವಾ ರಿಟರ್ನ್ ಮೂತಿ ಕೆಳಮುಖ ಆಗಿದೆ. ಇವತ್ತೇ ಹಲ್ಲುಗಳನ್ನ ಹಳೇ ಟೂತ್‌ಬ್ರಷಲ್ಲಿ ಉಜ್ಜಿ, ರಿಟರ್ನ್ ಮೂತೀನ ಮೇಲ್ಮೈ ಕಡೆ ತಿರುಗಿಸಿ, ನೀರು ಕುದಿಯೋ ಮುಂಚೆ ನಡುಗತ್ತಲ್ಲ ಹಾಗೆ ಮೇಲ್ಮೈ ನಡುಗಬೇಕು. ಇದಕ್ಕೆ ಖರ್ಚಿಲ್ಲ, ನಾಳೆ ಬೆಳಗ್ಗೆಗೇ ವ್ಯತ್ಯಾಸ ಕಾಣತ್ತೆ.

ಬಿಸಿ ಅಂತ ಹೇಳಿದ್ನಲ್ಲ, ನೀರೊಳಗಿನ ಪಂಪು ಎಷ್ಟು ವ್ಯಾಟ್ ತಿನ್ನತ್ತೋ ಹೆಚ್ಚುಕಮ್ಮಿ ಅಷ್ಟೂ ಕೊನೆಗೆ ನೀರಿಗೇ ಬಿಸಿ. ನಿಮ್ಮ 60 ವ್ಯಾಟಿನ ಪಂಪು, ಬಿಸಿ ಎಲ್ಲೂ ಹೊರಗೆ ಹೋಗದಿದ್ರೆ, 300 ಲೀಟರ್ ನೀರನ್ನ ಒಂದು ದಿನದಲ್ಲಿ 4 ಡಿಗ್ರಿ ಏರಿಸೋವಷ್ಟು. ಕರಾವಳಿ ಏಪ್ರಿಲ್ ಸೆಕೆಯಲ್ಲಿ ಅದು ಹೊರಗೆ ಹೋಗೋದೂ ಕಷ್ಟ, ಅಲ್ಲಿ ಗಾಳೀಲೇ ತೇವ ಇರೋದ್ರಿಂದ ಸಂಪಿನ ಮೇಲೆ ಫ್ಯಾನ್ ಹಾಕಿದ್ರೂ ಬೆಂಗಳೂರಲ್ಲಿ ತಣಿಯೋವಷ್ಟು ತಣಿಯಲ್ಲ. ದೊಡ್ಡ ಪಂಪ್ ಬೇಡ ಅನ್ನೋಕೆ ಇದೂ ಒಂದು ಕಾರಣ. ಮುಂದೆ ಬದಲಾಯಿಸೋ ಕಾಲ ಬಂದ್ರೆ 25 ವ್ಯಾಟಿನ ಡಿಸಿ ಪಂಪು ಇದೇ ಕೆಲಸ ಮಾಡತ್ತೆ, ತಿಂಗಳಿಗೆ 43 ಯೂನಿಟ್ ಆಗ್ತಿದ್ದಿದ್ದು 18ಕ್ಕೆ ಬರತ್ತೆ. ಅಮೆರಿಕದಿಂದ ಬರೋ ಸಂಬಂಧಿಕರ ಕೈಲಿ ಎಸಿ ಪಂಪ್ ತರಿಸಬೇಡಿ, ಅಲ್ಲಿ 120 ವೋಲ್ಟ್ 60 ಹರ್ಟ್ಜ್, ಇಲ್ಲಿ 230 ವೋಲ್ಟ್ 50 ಹರ್ಟ್ಜ್, ಹಾಕಿದ ತಕ್ಷಣ ಸುಟ್ಟು ಹೋಗತ್ತೆ. ಮತ್ತೆ ಮನೆ ನೀರೆತ್ತೋ ಮೋಟರ್ ಯಾವತ್ತೂ ಇದಕ್ಕೆ ಹಾಕಬೇಡಿ, ಒಳಗೆ ಹಿತ್ತಾಳೆ ಇರತ್ತೆ, ತಾಮ್ರದ ಅಂಶ ಕೋರಲಿಗೂ ಸೀಗಡಿಗೂ ಸಾವು.

ಕರೆಂಟ್ ವಿಷಯ. ಕರೆಂಟ್ ಹೋದ ಕೂಡ್ಲೇ ರಿಟರ್ನ್ ಪೈಪಲ್ಲಿ ನೀರು ಉಲ್ಟಾ ಇಳಿಯತ್ತೆ, ಮೂತಿ ನೀರಿನಿಂದ ಹೊರಗೆ ಬಂದು ಗಾಳಿ ಎಳೆಯೋವರೆಗೂ ನಿಲ್ಲಲ್ಲ. ನಿಮ್ಮ ಟ್ಯಾಂಕಲ್ಲಿ ಒಂದು ಸೆಂಟಿಮೀಟರ್ ನೀರು ಅಂದ್ರೆ 5.4 ಲೀಟರ್, ಮೂತಿ 5 ಸೆಂಟಿಮೀಟರ್ ಒಳಗಿದ್ರೆ 27 ಲೀಟರ್ ಸಂಪಿಗೆ ಬಂತು. ಸಂಪಲ್ಲಿ ಅಷ್ಟು ಖಾಲಿ ಜಾಗ ಇದ್ಯಾ? ನೀರು ಉಲ್ಟಾ ಬರದ ಹಾಗೆ ತಡೆಯೋ ಚೆಕ್ ವಾಲ್ವ್ ನಂಬ್ಕೊಂಡು ನಾನು ಒಂದ್ಸಲ ಊರಿಗೆ ಹೋಗಿದ್ದೆ, ಬಂದು ನೋಡಿದ್ರೆ ಹಾಲ್ ತುಂಬ ಉಪ್ಪಿನ ಬಿಳಿ ಕಲೆ, ಸೋಫಾ ಕಾಲುಗಳೆಲ್ಲ ಊದಿದ್ವು. ವಾಲ್ವ್ ಬಿಚ್ಚಿದ್ರೆ ಅದರ ಮುಚ್ಚಳದ ಅಂಚಲ್ಲಿ ಸುಣ್ಣದ ಸಣ್ಣ ಕೊಳವೆ ಕಟ್ಕೊಂಡಿರೋ ಹುಳ, ಅಕ್ಕಿ ಕಾಳಿನಷ್ಟೂ ಇರಲಿಲ್ಲ, ಅಷ್ಟು ಸಾಕಾಗಿತ್ತು ಬಾಗಿಲು ಪೂರ್ತಿ ಮುಚ್ಚದೇ ಇರೋಕೆ. ಅವತ್ತಿಂದ ಚೆಕ್ ವಾಲ್ವ್ ಹಾಕೋದೇ ಬಿಟ್ಟೆ. ಮೂತೀನ ನೀರಿನ ಮಟ್ಟದಿಂದ ಒಂದು ಸೆಂಟಿಮೀಟರ್ ಕೆಳಗೆ ಇಡಿ ಸಾಕು, ಪಂಪ್ ಆಫ್ ಮಾಡಿ ನೀರು ಇಳಿಯೋದು ನಿಂತ್ಮೇಲೆ ಸಂಪಿನ ಗಾಜಿಗೆ ಮಾರ್ಕರಲ್ಲಿ ಗೆರೆ ಎಳೀರಿ, ಪಂಪ್ ಓಡುವಾಗ ಎಷ್ಟು ಮಟ್ಟ ಇರಬೇಕು ಅನ್ನೋದಕ್ಕೂ ಇನ್ನೊಂದು ಗೆರೆ.

ಇನ್ವರ್ಟರಿಗೆ ಹಾಕೋದಾದ್ರೆ ವೇವ್‌ಮೇಕರ್ ಒಂದನ್ನೇ ಹಾಕಿ, ರಿಟರ್ನ್ ಬೇಡ. ರಿಟರ್ನ್ ಕೆಲವು ಗಂಟೆ ನಿಂತ್ರೂ ಟ್ಯಾಂಕ್ ತಡ್ಕೊಳ್ಳತ್ತೆ, ಒಳಗಿನ ನೀರು ನಿಂತ್ರೆ ತಡ್ಕೊಳ್ಳಲ್ಲ. 10 ವ್ಯಾಟಿನ ವೇವ್‌ಮೇಕರ್ ಒಂದನ್ನ ಮೇಲ್ಮೈ ಕಡೆ ತಿರುಗಿಸಿಟ್ರೆ ಮೀನು ಬದುಕ್ತವೆ. ಸ್ಕ್ವೇರ್ ವೇವ್ ಇನ್ವರ್ಟರಲ್ಲಿ ಎಸಿ ಪಂಪುಗಳು ಗುಂಯ್ ಅಂತ ಬಿಸಿ ಆಗ್ತವೆ, ಸೈನ್ ವೇವ್ ಇರ್ಲಿ. ಇನ್ವರ್ಟರ್ ಇಲ್ದಿದ್ರೆ ಯುಎಸ್‌ಬಿ ಏರ್ ಪಂಪ್ ಒಂದು, ಪವರ್ ಬ್ಯಾಂಕ್ ಒಂದು ಸ್ಟ್ಯಾಂಡ್ ಒಳಗೆ ಯಾವಾಗ್ಲೂ ರೆಡಿ ಇಡಿ. ಮತ್ತೆ ಇದು ಎಲ್ಲಕ್ಕಿಂತ ಮುಖ್ಯ, ಟ್ಯಾಂಕಿನ ಲೈನಿಗೆ ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಡಿಯೋ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡ್ಸಿ. ಪ್ರತಿ ವೈರೂ ಪ್ಲಗ್ಗಿಗೆ ಹೋಗೋ ಮುಂಚೆ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹೋಗ್ಬೇಕು, ನೀರು ವೈರ್ ಹಿಡ್ಕೊಂಡು ಬಂದ್ರೂ ಆ ಬಗ್ಗಿದ ಜಾಗದಲ್ಲೇ ತೊಟ್ಟಿಕ್ಕತ್ತೆ. ಉಪ್ಪುನೀರಲ್ಲಿ ಕೈ ಹಾಕೋ ಮುಂಚೆ ಸ್ವಿಚ್ ಆಫ್, ಮನೇಲಿ ಮಕ್ಕಳಿದ್ರೆ ಅವ್ರಿಗೂ ಇದನ್ನ ಕಲಿಸಿ.

ಕ್ಲೀನ್ ಮಾಡೋದು ಎರಡು ಮೂರು ತಿಂಗಳಿಗೊಮ್ಮೆ. ಒಂದು ವರ್ಷ ಆಯ್ತು ಅಂದ್ರಲ್ಲ, ಒಮ್ಮೆನೂ ಬಿಚ್ಚಿಲ್ಲ ಅಂದ್ರೆ ನಿಮ್ಮ ರಿಟರ್ನ್ ಸೋತಿರೋಕೆ ಎತ್ತರ, ಪೈಪಿನ ಜೊತೆ ಅದೂ ಒಂದು ಕಾರಣ. ಅಂಗಡೀಲಿ ಸಿಗೋ ನಿಂಬೆ ಉಪ್ಪು ಒಂದು ದೊಡ್ಡ ಚಮಚ ಒಂದು ಲೀಟರ್ ಸಿಹಿನೀರಿಗೆ ಹಾಕಿ, ಪಂಪಿನ ಮುಂಭಾಗ ಬಿಚ್ಚಿ, ಇಂಪೆಲ್ಲರ್ (ಒಳಗೆ ತಿರುಗೋ ರೆಕ್ಕೆ) ಎಳೆದು ಎಲ್ಲ ಅದರಲ್ಲಿ ಮುಕ್ಕಾಲು ಗಂಟೆ ಮುಳುಗಿಸಿ. ಬುರುಬುರು ಅಂತ ನೊರೆ ಬರತ್ತೆ, ಸುಣ್ಣ ಕರಗ್ತಿರೋದು ಅದು. ಇಂಪೆಲ್ಲರ್ ಮಧ್ಯದ ಸೆರಾಮಿಕ್ ಕಡ್ಡಿ ಬಳಪದ ತರ ಪಟಕ್ಕಂತ ಮುರಿಯತ್ತೆ, ಜೋಪಾನ, ಎರಡೂ ತುದಿಯ ಪುಟಾಣಿ ರಬ್ಬರ್ ಬುಷ್ ಸಿಂಕಲ್ಲಿ ಕೊಚ್ಚಿಕೊಂಡು ಹೋಗ್ಬಾರ್ದು ಅಂದ್ರೆ ಬೋಗುಣಿಯಲ್ಲೇ ಮಾಡಿ. ಆಯಸ್ಕಾಂತದ ಮೇಲಿನ ಕೋಟಿಂಗ್ ಉಬ್ಬಿದ್ಯಾ, ತುಕ್ಕಿನ ಕಲೆ ಇದ್ಯಾ ನೋಡಿ, ಇದ್ರೆ ಆ ಇಂಪೆಲ್ಲರ್ ಎಸೆದುಬಿಡಿ. ಮತ್ತೆ ಹಾಕಿ ಬಕೆಟ್ ಲೆಕ್ಕ ಇನ್ನೊಂದ್ಸಲ ಮಾಡಿ, 24 ಸೆಕೆಂಡ್ ಇದ್ದಿದ್ದು ಎಷ್ಟಕ್ಕೆ ಇಳೀತು ಬರೀರಿ.

ಕೆಂಪು ಲೋಳೆ ಬರೀ ಹರಿವಿಂದಲೇ ಪೂರ್ತಿ ಹೋಗಲ್ಲ, ಊಟ ಕಮ್ಮಿ ಮಾಡಿ, ವಾರಕ್ಕೊಮ್ಮೆ ನೀರು ಬದಲಾಯಿಸುವಾಗ ಸಣ್ಣ ಪೈಪಲ್ಲಿ ಎಳೆದು ತೆಗೀರಿ, ಆರ್‌ಓ ನೀರಿನ ಟಿಡಿಎಸ್ ಸೊನ್ನೆ ಹತ್ರ ಇದ್ಯಾ ನೋಡಿ, ಒಂದೂವರೆ ತಿಂಗಳು ಟೈಮ್ ಕೊಡಿ. ಲೆದರ್ ಮಾತ್ರ ಬೇಗ ತಿಳಿಸತ್ತೆ. ಅದು ಆಗಾಗ ಮೈ ಮೇಲೆ ಮೇಣದ ತರ ಒಂದು ಪೊರೆ ಕಟ್ಕೊಂಡು ಮುಚ್ಕೊಂಡು ಕೂತು, ಆಮೇಲೆ ಆ ಪೊರೆ ಕಳಚತ್ತೆ, ಕಳಚೋಕೆ ನೀರು ಬೀಸಬೇಕು. ನಿಮ್ದು ಅರಳದೇ ಇರೋ ಆ ಅರ್ಧಕ್ಕೆ ಹತ್ರ ಹೋಗಿ ಟಾರ್ಚ್ ಹಾಕಿ ನೋಡಿ, ಮಿರಮಿರ ಹೊಳೀತಿದ್ರೆ ಹಳೇ ಪೊರೆ ಅಲ್ಲೇ ಅಂಟ್ಕೊಂಡಿದೆ, ಅದರ ಮೇಲೆ ಪಾಚಿನೂ ಕೂತಿರಬಹುದು. ಕೈಯಲ್ಲಿ ಕೀಳೋಕೆ ಹೋಗ್ಬೇಡಿ. ಬಲಗಡೆ ವೇವ್‌ಮೇಕರ್ ಹಾಕಿದ ಮೇಲೆ ಒಂದೆರಡು ವಾರದೊಳಗೆ ಅದು ಹಾಲಿನ ಕೆನೆ ತರ ಅಂಚಿಂದ ಎದ್ದು ಚೂರುಚೂರಾಗಿ ಹೋಗತ್ತೆ, ಕೆಳಗಿಂದ ಹೂವಿನಂಥ ಪುಟ್ಟ ಪಾಲಿಪ್‌ಗಳು ಆಚೆ ಬರ್ತವೆ.